ದಾರದ ಕಲ್ಲುಸಕ್ಕರೆ

ಕಳೆದ ತಿಂಗಳು ಅಬಿಡ್ಸ್‌ಗೆ ಹೋಗಿದ್ದೆ. ಅಂಚೆ ಕಚೇರಿಯ ಹಿಂದಿನ ಗಲ್ಲಿಯಲ್ಲಿ, ಹಳೆಯ ಕಿರಾಣಿ ಅಂಗಡಿಯೊಂದರ ಗಾಜಿನ ಭರಣಿಯೊಳಗೆ ದಾರದ ಕಲ್ಲುಸಕ್ಕರೆ ಕಣ್ಣಿಗೆ ಬಿತ್ತು. ಈಗ ಎಲ್ಲೆಲ್ಲೂ ಸಿಗುವ, ಯಂತ್ರ ಕತ್ತರಿಸಿದ ಸಣ್ಣ ಚೌಕದ ಹರಳುಗಳಲ್ಲ. ಹತ್ತಿಯ ದಾರದ ಸುತ್ತ ಒಂದಕ್ಕೊಂದು ಅಂಟಿಕೊಂಡು ಬೆಳೆದ, ಅಂಕುಡೊಂಕಾದ, ಬೆಳಕನ್ನು ಒಳಗೇ ಹಿಡಿದಿಟ್ಟುಕೊಂಡಂತೆ ಕಾಣುವ ಹಳೆಯ ಬಗೆಯವು. ಕೆಮ್ಮಿಗೆ ಬೇಕೆಂದು ಹೇಳಿ ಒಂದು ಪೊಟ್ಟಣ ಕಟ್ಟಿಸಿಕೊಂಡೆ. ನನಗೆ ಕೆಮ್ಮಿರಲಿಲ್ಲ.

ಮೆಟ್ರೋದಲ್ಲಿ ತಿನ್ನಬಾರದೆಂಬ ನಿಯಮವಿದೆ. ನಿಯಮಗಳನ್ನು ಪಾಲಿಸುವುದು ನನ್ನ ಹುಟ್ಟುಗುಣ. ಆದ್ದರಿಂದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಮಿಯಾಪುರದ ಗಾಡಿಯಲ್ಲಿ ಕುಳಿತೆ. ಅಮೀರ್‌ಪೇಟೆಯ ನಿಲ್ದಾಣ ಬಂದಾಗ ಕಿಟಕಿಯಾಚೆ ಬೋರ್ಡುಗಳ ಮೇಲೆ ಬೋರ್ಡು ಹೊತ್ತು ನಿಂತ ಕಟ್ಟಡಗಳು ಕಂಡವು. ಅವುಗಳ ಹಿಂದೆ ಎಲ್ಲೋ ಒಂದು ಮೂರನೆಯ ಮಹಡಿ. ಆ ಮಹಡಿಯಲ್ಲಿ ಒಂದು ಕಿಟಕಿ. ಕಿಟಕಿಯ ಸರಳುಗಳಿಗೆ ಗೊಂಚಲು ಗೊಂಚಲಾಗಿ ಕಟ್ಟಿದ್ದ ದಾರಗಳು... ನನ್ನ ಬದುಕಿನಲ್ಲಿ ನಾನು ಒಬ್ಬರ ಮೇಲೆ ಮಾತ್ರ ನಿಜವಾಗಿ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಅವರು ಅಲ್ಲಿದ್ದರು.

ಐ.ಟಿ. ಕಂಪನಿಗಳು ಹೈದರಾಬಾದಿಗೆ ದಂಡೆತ್ತಿ ಬರುತ್ತಿದ್ದ ಕಾಲವದು. ಮೈಸೂರಿನಿಂದ ಮದುವೆಯಾಗಿ ಬಂದ ನಾನು ಇಲ್ಲಿನ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಆ ಕೆಲಸ ಬಿಟ್ಟು ಅಮೀರ್‌ಪೇಟೆಯ ತರಬೇತಿ ಕೇಂದ್ರವೊಂದಕ್ಕೆ ಸೇರಿದೆ. ಹೊಸದಾಗಿ ಕೆಲಸಕ್ಕೆ ತೆಗೆದುಕೊಂಡ ಇಂಜಿನಿಯರುಗಳನ್ನು ಕಂಪನಿಗಳು ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಕಳುಹಿಸುತ್ತಿದ್ದವು. ಬೆಂಗಳೂರು, ಮೈಸೂರು, ರಾಯಚೂರು, ಬೀದರ್, ಗುಂಟೂರು, ಕರೀಂನಗರ ಹೀಗೆ ನಾನಾ ಊರುಗಳ ಮಕ್ಕಳು. ತಮ್ಮ ವಿದ್ಯೆಯಲ್ಲಿ ಗಟ್ಟಿಗರೇ. ಆದರೆ ವಾರಕ್ಕೊಮ್ಮೆ ಹೊರದೇಶದ ಗ್ರಾಹಕರಿಗೆ ಕೆಲಸದ ವರದಿ ಬರೆಯಬೇಕಾದಾಗ ಅವರ ಕೈ ಕಟ್ಟಿಹೋಗುತ್ತಿತ್ತು. ಕೆಲಸ ಮುಗಿದಿದೆ, ಕೆಲಸ ಮುಗಿದಿಲ್ಲ. ಈ ಎರಡು ವಾಕ್ಯಗಳ ನಡುವೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಊರೇ ಇದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಆ ಊರಿನ ಬೀದಿಗಳನ್ನು ತೋರಿಸುವುದೇ ನಮ್ಮ ಕೆಲಸ. ಬರವಣಿಗೆ ಕಲಿಸುವುದು ನನ್ನ ಪಾಲು, ಮಾತು ಕಲಿಸುವುದು ನಾನು ಹೊಟ್ಟೆಕಿಚ್ಚು ಪಟ್ಟ ಆ ಇನ್ನೊಬ್ಬರ ಪಾಲು.

ಹಂತಹಂತವಾಗಿ ಆಗುವ ಬದಲಾವಣೆಯನ್ನು ಹೇಳುವ ಶಬ್ದಗಳಿಗೆಂದೇ ನಾನು ಒಂದು ಪೂರ್ತಿ ಪಾಠವನ್ನು ಮೀಸಲಿಟ್ಟಿದ್ದೆ. ಆ ಪಾಠದ ಬಗ್ಗೆ ನನಗೆ ಈಗಲೂ ಅಭಿಮಾನವಿದೆ. ಮಕ್ಕಳು ಎಲ್ಲಕ್ಕೂ ‘ಸ್ಲೋಲಿ ಸ್ಲೋಲಿ’ ಎಂದು ಬರೆದು ತರುತ್ತಿದ್ದರು. ನಾನು ಕೆಂಪು ಗೆರೆ ಎಳೆದು ಆರಂಭಿಸುತ್ತಿದ್ದೆ. ‘ಸ್ಲೋಲಿ’ ಎಂಬುದು ವೇಗವನ್ನು ಹೇಳುತ್ತದೆ, ‘ಗ್ರ್ಯಾಜುಯಲಿ’ ಎಂಬುದು ಹಂತವನ್ನು ಹೇಳುತ್ತದೆ. ಎತ್ತಿನ ಗಾಡಿ ಸ್ಲೋಲಿ ಹೋಗುತ್ತದೆ, ಸಂಜೆ ಗ್ರ್ಯಾಜುಯಲಿ ಕತ್ತಲಾಗುತ್ತದೆ. ನಡುವೆ ನಿಲ್ಲದೆ, ಕುಲುಕದೆ ಸಾಗುವುದಕ್ಕೆ ‘ಸ್ಟೆಡಿಲಿ’. ಪ್ರತಿ ಹಂತವೂ ಹಿಂದಿನದನ್ನು ಮೀರುತ್ತ ಹೋದರೆ ‘ಪ್ರೋಗ್ರೆಸಿವ್ಲಿ’. ರೋಗ ಉಲ್ಬಣಿಸುವುದಕ್ಕೂ ಸಲ್ಲುತ್ತದೆ, ಪ್ರಶ್ನೆಪತ್ರಿಕೆ ಕಠಿಣವಾಗುತ್ತ ಹೋಗುವುದಕ್ಕೂ ಸಲ್ಲುತ್ತದೆ. ಅಳತೆಯಿಟ್ಟು ಸೇರಿಸುತ್ತ ಹೋಗುವುದಕ್ಕೆ ‘ಇನ್‌ಕ್ರಿಮೆಂಟಲಿ’; ಇದು ಅವರ ಕಂಪ್ಯೂಟರಿನ ಕೆಲಸದಲ್ಲೂ ಇತ್ತಂತೆ, ಅದಕ್ಕಾಗಿ ಬಲು ಪ್ರಿಯ. ‘ಲಿಟಲ್ ಬೈ ಲಿಟಲ್’ ಮನೆಯಲ್ಲಿ ಉಡುವ ಸೀರೆಯಂತೆ, ‘ಬೈ ಡಿಗ್ರೀಸ್’ ಇಸ್ತ್ರಿ ಮಾಡಿ ಸಮಾರಂಭಕ್ಕೆ ಉಟ್ಟುಬಂದದ್ದು. ಕಟ್ಟಕಡೆಗೆ ‘ಇಂಪರ್ಸೆಪ್ಟಿಬ್ಲಿ’, ನಡೆಯುತ್ತಿರುವಾಗ ಯಾರಿಗೂ ಕಾಣದೆ, ನಡೆದ ಮೇಲಷ್ಟೇ ತಿಳಿಯುವ ಬದಲಾವಣೆ. ಈ ಶಬ್ದವನ್ನು ಎಚ್ಚರದಿಂದ ಬಳಸಿ, ಬಳಸಿದವರು ತಾವು ಗಮನಿಸಲಿಲ್ಲವೆಂದು ಒಪ್ಪಿಕೊಂಡಂತೆ ಎಂದು ನಾನು ಹೇಳುತ್ತಿದ್ದೆ. ಮಕ್ಕಳು ಅದನ್ನೂ ಬರೆದುಕೊಳ್ಳುತ್ತಿದ್ದರು.

ಪ್ಲೈವುಡ್ ಗೋಡೆಯ ಆಚೆ, ಮಾತು ಕಲಿಸುವ ಅವರ ತರಗತಿ. ಗುಲಬರ್ಗೆಯ ದೂರವಾಣಿ ಎಕ್ಸ್‌ಚೇಂಜಿನಲ್ಲಿ ದೂರದ ಊರುಗಳ ಕರೆ ಜೋಡಿಸಿಕೊಡುವ ಟ್ರಂಕ್ ಆಪರೇಟರ್ ಆಗಿ ಬಹಳ ವರ್ಷ ಇದ್ದವರು; ಯಂತ್ರಗಳು ಬಂದು ಆಪರೇಟರುಗಳ ಅಗತ್ಯ ತೀರಿದಾಗ ಸ್ವಯಂನಿವೃತ್ತಿ ಪಡೆದು ಹೈದರಾಬಾದಿನ ತಮ್ಮನ ಮನೆಗೆ ಬಂದವರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಮಕ್ಕಳು ಅವರನ್ನು ಟೆಲಿಫೋನ್ ಮೇಡಂ ಎಂದೂ ನನ್ನನ್ನು ಗ್ರಾಮರ್ ಮೇಡಂ ಎಂದೂ ಕರೆಯುತ್ತಿದ್ದರು. ಮೊದಲನೆಯ ಹೆಸರನ್ನು ಹೇಳುವಾಗ ಅವರ ಮುಖದಲ್ಲಿ ನಗುವಿರುತ್ತಿತ್ತು.

ಅವರ ವ್ಯಾಕರಣ ಸರಿಯಿರಲಿಲ್ಲ. ಇದನ್ನು ದಾಖಲಿಸದೆ ಮುಂದೆ ಹೋಗಲಾರೆ. ‘ಐ ಆಮ್ ಹ್ಯಾವಿಂಗ್ ಒನ್ ಬ್ರದರ್’ ಎಂದು ನಿಸ್ಸಂಕೋಚವಾಗಿ ಹೇಳುತ್ತಿದ್ದರು. ಆದರೆ ಆ ದನಿ... ಒಂದು ಸಲ ಕೇಳಿದರೆ ತಂತಿಯ ಆ ತುದಿಯಲ್ಲಿ ನಮಗಾಗಿಯೇ ಯಾರೋ ಕಾದಿದ್ದಾರೆ ಅನ್ನಿಸುವಂಥ ದನಿ. ಟ್ರಂಕ್ ಬೋರ್ಡಿನಲ್ಲಿ, ಕೇಳಿದ ಊರು ಮತ್ತು ನಂಬರನ್ನು ಒಮ್ಮೆ ತಿರುಗಿ ಹೇಳಿ, ಸರಿಯೆನಿಸಿಕೊಂಡ ಮೇಲೆ ಲೈನು ಕೊಡುವುದು ಕ್ರಮವಂತೆ. ಆ ಅಭ್ಯಾಸವನ್ನು ಅವರು ಹಾಗೆಯೇ ತರಗತಿಗೆ ತಂದಿದ್ದರು. ಯಾರಾದರೂ ಎದ್ದು ನಿಂತು ಏನಾದರೂ ಹೇಳಿದರೆ, ಅದನ್ನು ತಿರುಗಿ ಹೇಳುವಾಗ ತಪ್ಪನ್ನು ಒಳಗೊಳಗೇ ತಿದ್ದಿ, ಕೊನೆಗೆ ‘ಕರೆಕ್ಟ್?’ ಎಂದು ಕೇಳುವರು. ಆ ಮಗು ತಾನು ಮೊದಲೇ ಹಾಗೆ ಹೇಳಿದ್ದೆ ಎಂಬಂತೆ ತಲೆಯಾಡಿಸುವುದು. ತಿದ್ದಿಸಿಕೊಂಡೆನೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಕೆಂಪು ಗೆರೆ ಮಾತ್ರ ಎಲ್ಲರಿಗೂ ಕಾಣುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಅವರ ಮೇಜಿನ ಸುತ್ತ ಜಾಗ ಸಾಲುತ್ತಿರಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಅವರ ಡಬ್ಬಿಗೆ ಕೈ ಹಾಕದ ಮಗುವಿಲ್ಲ. ನಾನು ಕಿಟಕಿಯ ಬಳಿ ಒಬ್ಬಳೇ ಉತ್ತರಪತ್ರಿಕೆಗಳನ್ನು ತಿದ್ದುತ್ತ ಮೊಸರನ್ನ ತಿನ್ನುತ್ತಿದ್ದೆ.

“ಏನ್ರೀ ಗ್ರಾಮರ್ ಮೇಡಂ, ಇವತ್ತ ಎಷ್ಟ್ ಮಂದೀನ ಕೊಂದ್ರಿ? ಕೈತುಂಬ ರಗತ ಆಗೇತಲ್ಲ?” ಎಂದು ನನ್ನ ಬೆರಳಿಗಂಟಿದ ಕೆಂಪು ಶಾಯಿಯನ್ನು ತೋರಿಸಿ ಅಲ್ಲಿಂದಲೇ ಕೂಗುತ್ತಿದ್ದರು. ಮೇಜಿನ ಸುತ್ತ ನಗು ಏಳುತ್ತಿತ್ತು. ನಾನೂ ನಗುತ್ತಿದ್ದೆ, ನಗದಿದ್ದರೆ ಚೆನ್ನಾಗಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗೋಡೆಯ ಆಚೆ ಸದ್ದೇ ಇಲ್ಲ. ಅವರ ತರಗತಿ ನಿಶ್ಶಬ್ದವಾಗಿರುವುದೆಂದರೆ ಅಮೀರ್‌ಪೇಟೆಯಲ್ಲಿ ಆಟೋಗಳು ಹಾರ್ನ್ ಹೊಡೆಯದಿರುವಂತೆ. ನಾನು ಹೊರಗೆ ಬಂದು ಬಾಗಿಲಿನ ಗಾಜಿನಲ್ಲಿ ಇಣುಕಿದೆ. ಎಲ್ಲರೂ ಬಾಯಿ ಮುಚ್ಚಿ, ಕೆನ್ನೆ ಉಬ್ಬಿಸಿಕೊಂಡು, ಎಲ್ಲೋ ದೂರ ನೋಡುತ್ತ ಕುಳಿತಿದ್ದರು. ಪ್ರತಿಯೊಬ್ಬರ ತುಟಿಯಿಂದಲೂ ದಾರದ ತುದಿಯೊಂದು ಇಳಿದಿತ್ತು.

“ಕಡೀಬ್ಯಾಡ್ರಿ. ಕಡದವರು ಔಟ್. ಸುಮ್ಮನ ನಾಲಿಗಿ ಮ್ಯಾಲ ಇಟ್ಕೊಂಡು ಕುಂದರ್ರಿ,” ಎಂದು ಕನ್ನಡದಲ್ಲಿ ಹೇಳಿ, ಅದನ್ನೇ ತೆಲುಗಿನಲ್ಲೂ ಹಿಂದಿಯಲ್ಲೂ ಹೇಳಿದರು. ತರಗತಿಯಲ್ಲಿ ಇಂಗ್ಲಿಷ್ ಮಾತ್ರ ಎಂಬುದು ಕೇಂದ್ರದ ನಿಯಮವಾಗಿತ್ತು.

ಸ್ವಲ್ಪ ಹೊತ್ತು ಬಿಟ್ಟು, “ನೌ?” ಎಂದರು.

“ಕಾರ್ನರ್ಸ್ ಆರ್ ಗೋಯಿಂಗ್ ಮೇಡಂ,” ಎಂದ ಒಬ್ಬ, ಸಕ್ಕರೆಯನ್ನು ಕೆನ್ನೆಗೆ ಸರಿಸಿ.

“ಗೋಯಿಂಗ್ ಹೌ? ಸ್ಟೆಡಿಲಿ?”

ಹುಡುಗ ಯೋಚಿಸಿದ. ನಡುವೆ ಒಂದು ಹರಳು ದಾರದಿಂದ ಒಮ್ಮೆಲೇ ಕಳಚಿ ಬೀಳುತ್ತದೆ ಮೇಡಂ, ಆದ್ದರಿಂದ ಸ್ಟೆಡಿಲಿ ಅನ್ನಲಾಗದು, ‘ಲಿಟಲ್ ಬೈ ಲಿಟಲ್’ ಸರಿಯಾಗಬಹುದು ಎಂದ. ಅಷ್ಟನ್ನೂ ಮುರುಕು ಇಂಗ್ಲಿಷಿನಲ್ಲಿ, ತಾನೇ ಕಂಡುಹಿಡಿದು ಹೇಳಿದ. ನಾನು ಅದನ್ನು ಕಲಿಸಲು ಅರ್ಧ ಹಲಗೆ ತುಂಬಿಸುತ್ತಿದ್ದೆ! ಅವರು ಅವನ ಮಾತನ್ನು ತಿರುಗಿ ಹೇಳಿ, ತಿದ್ದಿ, ‘ಕರೆಕ್ಟ್?’ ಎಂದರು. ಕೊನೆಯಲ್ಲಿ ಎಲ್ಲರ ನಾಲಗೆಯ ಮೇಲೂ ದಾರವಷ್ಟೇ ಉಳಿಯಿತು.

“ಗ್ರ್ಯಾಜುಯಲಿ ಅಂದ್ರ ಇದ ನೋಡ್ರಿ. ಎಲ್ಲಾ ಕರಗಿದ ಮ್ಯಾಲೂ ಏನರೆ ಒಂದು ಕೈಯಾಗ ಉಳದಿರತೈತಿ,” ಎಂದರು ಅವರು. ಇದು ಯಾವ ನಿಘಂಟಿನಲ್ಲೂ ಇಲ್ಲದ ಅರ್ಥ. ಆದರೂ ಮಕ್ಕಳು ಒಬ್ಬೊಬ್ಬರಾಗಿ ಎದ್ದು, ಆ ಒದ್ದೆ ದಾರಗಳನ್ನು ಕಿಟಕಿಯ ಸರಳಿಗೆ ಕಟ್ಟಿದರು. ಆಮೇಲೆ ಪ್ರತಿ ತಂಡವೂ ಹಾಗೆಯೇ ಕಟ್ಟಿಹೋಗತೊಡಗಿತು. ದಾರಕ್ಕೆ ಇರುವೆ ಬಂದವು. ಇರುವೆಗಳು ಗೋಡೆ ದಾಟಿ ನನ್ನ ಮೇಜಿಗೂ ಬಂದವು. ಮ್ಯಾನೇಜರಿಗೆ ಲಿಖಿತವಾಗಿ ದೂರು ಕೊಟ್ಟೆ.

ಆ ಉಪಾಯ ನನಗೇಕೆ ಹೊಳೆಯಲಿಲ್ಲ ಎಂಬ ಉರಿ ಹಲವು ದಿನ ನನ್ನನ್ನು ಸುಟ್ಟಿತು. ಕೊನೆಗೆ ಮುಂದಿನ ತಂಡ ಬಂದಾಗ, ಅವರ ಪಾಠಕ್ಕೆ ಮೊದಲೇ, ನಾನೂ ಪಂಜಗುಟ್ಟದ ದೊಡ್ಡ ಅಂಗಡಿಯಿಂದ ಕಲ್ಲುಸಕ್ಕರೆ ತಂದು ಹಂಚಿದೆ. ಯಂತ್ರದ ಚೌಕದ ಹರಳುಗಳು. ಆ ತಂಡದಲ್ಲಿ ರಾಯಚೂರಿನ ಹುಡುಗಿಯೊಬ್ಬಳಿದ್ದಳು. ಬಹಳ ಚುರುಕು, ಬಹಳ ನೇರ. ಅವಳು ಹರಳನ್ನು ಬೆಳಕಿಗೆ ಹಿಡಿದು ನೋಡಿ, “ಮೇಡಂ, ಇದರಾಗ ದಾರ ಇಲ್ರಿ,” ಎಂದಳು. ಹಿಂದಿನ ತಂಡದವರಿಂದ ಎಲ್ಲ ಕೇಳಿಕೊಂಡೇ ಬಂದಿದ್ದಳು! ಪರವಾಗಿಲ್ಲ, ಬಾಯಲ್ಲಿಟ್ಟುಕೊಳ್ಳಿ ಎಂದೆ. ಎಲ್ಲರೂ ಇಟ್ಟುಕೊಂಡರು. ಆಮೇಲೆ ಹಿಂದಿನ ಸಾಲಿನಿಂದ ‘ಕಟಂ’ ಎಂಬ ಸದ್ದು. ಅದರ ಬೆನ್ನಿಗೇ ತರಗತಿಯ ತುಂಬ ಕಟಂ ಕಟಂ. ಏನಾಗುತ್ತಿದೆ, ವರ್ಣಿಸಿ ಎಂದೆ. “ಫಿನಿಶ್ಡ್ ಮೇಡಂ,” ಎಂದರು ಎಲ್ಲರೂ.

ಈ ಸುದ್ದಿ ಗೋಡೆ ದಾಟಲು ಎಷ್ಟು ಹೊತ್ತು? ಎರಡು ದಿನ ಬಿಟ್ಟು ಅವರು ನನ್ನ ಮೇಜಿನ ಮೇಲೆ ಒಂದು ಪೊಟ್ಟಣವಿಟ್ಟರು. ಅಬಿಡ್ಸ್‌ನ ಆ ಗಲ್ಲಿಯ ಅಂಗಡಿಯದೇ.

“ನನ್ನ ಒಂದ್ ಮಾತು ಕೇಳಿದ್ರ ಅಂಗಡಿ ಹೇಳ್ತಿದ್ನಲ್ಲವಾ ತಂಗಿ,” ಎಂದರು. ಆ ಸಲ ಅವರ ದನಿಯಲ್ಲಿ ಕುಚೇಷ್ಟೆಯಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಪೊಟ್ಟಣವನ್ನು ಬಿಚ್ಚಲೇ ಇಲ್ಲ.

ಅಲ್ಲಿಂದ ಮುಂದೆ ನಾನು ಅವರನ್ನು ಗಮನಿಸುವುದು ಒಂದು ವ್ರತದಂತಾಯಿತು. ಎಲ್ಲಿ ನಿಲ್ಲುತ್ತಾರೆ, ಯಾರನ್ನು ಮೊದಲು ಮಾತಾಡಿಸುತ್ತಾರೆ, ಯಾವಾಗ ನಗುತ್ತಾರೆ... ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೇಂದ್ರಕ್ಕೆ ಬರುವವಳು ನಾನು. ಕುರ್ಚಿಗಳು ಸೊಟ್ಟಗಿದ್ದರೆ ನನಗೆ ಸಹಿಸಲಾಗದು. ಎರಡೂ ಕೋಣೆಗಳ ಕುರ್ಚಿಗಳನ್ನು ನೆಲದ ಟೈಲ್ಸಿನ ಗೆರೆ ನೋಡಿ ಸಾಲಾಗಿಸುತ್ತಿದ್ದೆ. ಅವರ ಕೋಣೆಯ ಮೊದಲ ಸಾಲು ದಿನವೂ ತನ್ನ ಗೆರೆಯನ್ನು ಬಿಟ್ಟು ಹಲಗೆಯ ಕಡೆಗೆ ಸರಿದಿರುತ್ತಿತ್ತು. ನಾನು ಹಿಂದಕ್ಕೆ ತಳ್ಳುತ್ತಿದ್ದೆ. ಮರುದಿನ ಮತ್ತೆ ಮುಂದೆ. ಮಳೆಗಾಲದಲ್ಲಿ ಒಂದು ಟೈಲ್ಸಿನಷ್ಟು ಸರಿದಿದ್ದದ್ದು ದೀಪಾವಳಿಯ ಹೊತ್ತಿಗೆ ಎರಡರಷ್ಟಾಯಿತು, ಚಳಿ ಮುಗಿಯುವಾಗ ಮೂರರಷ್ಟು. ಮಧ್ಯಾಹ್ನ ಅವರ ತರಗತಿ ಆರಂಭವಾದಾಗಲೆಲ್ಲ ಪ್ಲೈವುಡ್ಡಿನಾಚೆ ಕುರ್ಚಿ ಎಳೆಯುವ ಕರ್ಕಶ ಸದ್ದು ಏಳುತ್ತಿತ್ತು. ಶಿಸ್ತಿಲ್ಲದ ತರಗತಿ ಎಂದುಕೊಂಡು ನನ್ನ ಬಾಗಿಲನ್ನು ಮುಚ್ಚಿಸುತ್ತಿದ್ದೆ.

ಆಮೇಲೆ ಇನ್ನೊಂದು ತಿಳಿಯಿತು. ಅವರು ತಿರುಗಿ ಹೇಳುವುದನ್ನು ಬಿಟ್ಟಿದ್ದರು. ಮೊದಲು ಮಗುವಿನ ವಾಕ್ಯ, ನಂತರ ಅವರ ವಾಕ್ಯ, ಕೊನೆಗೆ ‘ಕರೆಕ್ಟ್?’ ಹೀಗೆ ಗೋಡೆಯಾಚೆ ಹಾಡಿನಂತೆ ಕೇಳುತ್ತಿದ್ದದ್ದು ಅಪರೂಪವಾಯಿತು. ಈಗ ಹೇಳುವುದನ್ನು ಹಲಗೆಯ ಮೇಲೆ ಬರೆಸುತ್ತಿದ್ದರು, ಇಲ್ಲವೇ ಎಲ್ಲರಿಂದ ಒಟ್ಟಿಗೆ ಹೇಳಿಸುತ್ತಿದ್ದರು. ಕಚೇರಿಯ ಫೋನು ಬಡಿದುಕೊಂಡರೆ ಟೆಲಿಫೋನ್ ಮೇಡಂ ಎತ್ತುತ್ತಿರಲಿಲ್ಲ. ಮಾತಾಡುವವರ ಕಣ್ಣನ್ನು ಬಿಟ್ಟು ತುಟಿಯನ್ನು ನೋಡುತ್ತಿದ್ದರು. ಒಂದು ದಿನ ಕೈತೊಳೆಯುವ ತೊಟ್ಟಿಯ ಬಳಿ ಡಬ್ಬಿ ತೊಳೆಯುತ್ತಿದ್ದವರನ್ನು ನಾನು ಹಿಂದಿನಿಂದ ಕರೆದೆ. ನಲ್ಲಿ ನಿಂತಿತ್ತು. ಇನ್ನೊಮ್ಮೆ ಕರೆದೆ. ಅವರು ತಮ್ಮ ಪಾಡಿಗೆ ಡಬ್ಬಿಯ ಮುಚ್ಚಳ ಒರೆಸುತ್ತಿದ್ದರು...

ಇಂಪರ್ಸೆಪ್ಟಿಬ್ಲಿ. ನಾನೇ ಹಲಗೆಯ ಮೇಲೆ ಎಷ್ಟೋ ಸಲ ಬರೆದ ಶಬ್ದ. ಅಷ್ಟೊಂದು ಮಕ್ಕಳು ಅವರನ್ನು ಹಚ್ಚಿಕೊಂಡಿದ್ದರೂ ಯಾರಿಗೂ ತಿಳಿದಿಲ್ಲ, ಹೊಟ್ಟೆಕಿಚ್ಚಿನ ಕಣ್ಣಿಟ್ಟು ಕಾದ ನನಗೊಬ್ಬಳಿಗೆ ತಿಳಿಯಿತು ಎಂದುಕೊಂಡೆ. ಆ ಕ್ಷಣಕ್ಕೆ ನನಗೆ ಅವರ ಮೇಲೆ ಒಂದು ಬಗೆಯ ಹಕ್ಕು ಬಂದಂತಾಯಿತು. ಇದನ್ನು ಹೇಗೆ ಹೇಳಬೇಕೋ ಗೊತ್ತಿಲ್ಲ.

ಅಷ್ಟರಲ್ಲಿ ಹೊರದೇಶದಿಂದ ಬರುವ ಕೆಲಸ ಇಳಿಯತೊಡಗಿತ್ತು. ಕಂಪನಿಗಳು ತಂಡಗಳನ್ನು ಕಳುಹಿಸುವುದು ಕಡಿಮೆಯಾಯಿತು. ಯುಗಾದಿಯ ನಂತರ ನಮ್ಮಿಬ್ಬರಲ್ಲಿ ಒಬ್ಬರು ಮಾತ್ರ ಉಳಿಯುವುದೆಂದು ಮ್ಯಾನೇಜರ್ ತಿಳಿಸಿದರು. ಬರವಣಿಗೆ, ಮಾತು ಎರಡನ್ನೂ ಉಳಿದವರೇ ಕಲಿಸಬೇಕು. ಕಂಪನಿಯ ಅಧಿಕಾರಿಗಳು ಬಂದು ಇಬ್ಬರ ಪಾಠವನ್ನೂ ನೋಡುತ್ತಾರೆ. ಹೋಲಿಸಲು ಅನುಕೂಲವಾಗಲೆಂದು ವಿಷಯ ಒಂದೇ, ಹಂತಹಂತದ ಬದಲಾವಣೆಯ ಶಬ್ದಗಳು. ಶಾಲೆಯಲ್ಲಿ ನನ್ನ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದರು, ಹಿಂದಿರುಗುವ ದಾರಿಯಿರಲಿಲ್ಲ. ಅವರಿಗೋ, ಮಾತಾಡಲು ಈ ಒಂದು ಕೋಣೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ತಮ್ಮನ ಮನೆಯಲ್ಲಿ ಟಿ.ವಿ. ಒಂದೇ ಮಾತಾಡುತ್ತದೆ ಎಂದು ಅವರೇ ಒಮ್ಮೆ ನಗುತ್ತ ಹೇಳಿದ್ದುಂಟು.

ಮ್ಯಾನೇಜರ್ ನನ್ನನ್ನು ಪ್ರತ್ಯೇಕವಾಗಿ ಕರೆದು, “ಟೆಲಿಫೋನ್ ಮೇಡಂ ಮೀದ ಏಮನ್ನಾ ಕಂಪ್ಲೇಂಟ್ ಉಂದಾ ಮೇಡಂ?” ಎಂದು ತೆಲುಗಿನಲ್ಲಿ ಕೇಳಿದರು, ಅವರ ಮೇಲೆ ದೂರೇನಾದರೂ ಇದೆಯೇ ಎಂದು. ಒಂದೇ ವಾಕ್ಯ ಸಾಕಿತ್ತು.

“ಇರುವೆಯದೊಂದೇ,” ಎಂದೆ.

ದೊಡ್ಡ ಮನಸ್ಸಿನಿಂದ ಹಾಗೆ ಹೇಳಲಿಲ್ಲ. ಕಿವಿ ಕೇಳದವರನ್ನು ಗೆದ್ದೆನೆಂಬ ಗೆಲುವು ನನಗೆ ಬೇಕಿರಲಿಲ್ಲ. ನನ್ನ ಪಾಠ ಅವರ ಪಾಠವನ್ನು ಗೆಲ್ಲಬೇಕಾಗಿತ್ತು, ಆ ಮಕ್ಕಳ ಎದುರಿಗೆ, ಎಲ್ಲರೂ ನೋಡುವಂತೆ.

ಪಾಠ ಏರ್ಪಾಡಾದದ್ದು ಕೆಳಗಿನ ಮಹಡಿಯ ದೊಡ್ಡ ಹಾಲಿನಲ್ಲಿ. ಹೊಸ ತಂಡ ಸಣ್ಣದಾದ್ದರಿಂದ ಹಿಂದಿನ ತಂಡಗಳ ಕೆಲವರನ್ನೂ ಕರೆಸಿದ್ದರು. ಅಧಿಕಾರಿಗಳಿಗೆ ಎಲ್ಲರ ಮುಖ ಕಾಣಬೇಕೆಂದು ಕುರ್ಚಿಗಳನ್ನು ಮೂರು ಗೋಡೆಗಳಿಗೂ ಆನಿಸಿ ಇಡಿಸಿದ್ದರು. ಹಳೆಯ ಎ.ಸಿ. ಹಿಟ್ಟಿನ ಗಿರಣಿಯಂತೆ ಗುಡುಗುತ್ತಿತ್ತು. ಮೊದಲು ನನ್ನ ಸರದಿ. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ. ಶಬ್ದಗಳು ಒಂದರ ಪಕ್ಕ ಒಂದು ಮಣಿ ಪೋಣಿಸಿದಂತೆ ಬಂದು ನಿಂತವು, ಉದಾಹರಣೆಗಳು ಎಡವಲಿಲ್ಲ. ಅಧಿಕಾರಿಗಳು ತಲೆದೂಗಿದರು. ಮಕ್ಕಳು ತಲೆ ತಗ್ಗಿಸಿ ಎಲ್ಲವನ್ನೂ ಬರೆದುಕೊಂಡರು. ನಾನು ಹೋಗಿ ಮಕ್ಕಳ ಸಾಲಿನ ಕೊನೆಯ ಕುರ್ಚಿಯಲ್ಲಿ ಕುಳಿತೆ.

ಟೆಲಿಫೋನ್ ಮೇಡಂ ಎದ್ದು ಬಂದು ಕಲ್ಲುಸಕ್ಕರೆ ಹಂಚಿದರು. ನನಗೂ ಒಂದು ಕೊಟ್ಟರು. ಬಾಗಿಲ ಬಳಿ ಕುಳಿತ ಮೂವರು ಅಧಿಕಾರಿಗಳಿಗೂ ಕೊಟ್ಟರು. ಹಾಲಿನ ನಡುವೆ ಹೋಗಿ ನಿಂತು, ಸ್ವಲ್ಪ ಹೊತ್ತು ಬಿಟ್ಟು, “ನೌ?” ಎಂದರು. ದೂರದ ಗೋಡೆಯಿಂದ ಯಾರೋ ಉತ್ತರಿಸಿದರು. ಮೇಡಂ ನಸುನಕ್ಕು ಸುಮ್ಮನೆ ನಿಂತರು. ಇನ್ನೊಬ್ಬರು ಹೇಳಿದರು. ಅದೇ ನಗು. ಆಗ ಅಧಿಕಾರಿಗಳಲ್ಲಿ ಹಿರಿಯರೊಬ್ಬರು ಏನೋ ಪ್ರಶ್ನೆ ಕೇಳಿದರು. ಮೇಡಂ ಆ ಕಡೆ ತಿರುಗಿದರು, ಆದರೆ ಮುಖದ ನಗು ಒಂದಿಷ್ಟೂ ಬದಲಾಗಲಿಲ್ಲ. ಉತ್ತರವೂ ಬರಲಿಲ್ಲ. ಅಧಿಕಾರಿ ಪಕ್ಕದವರ ಮುಖ ನೋಡಿದರು. ಮುಗಿಯಿತು ಎಂದುಕೊಂಡೆ. ಬಾಯಲ್ಲಿ ಸಕ್ಕರೆ ಇನ್ನೂ ಇತ್ತು.

ಆಗ ಕೇಳಿಸಿತು, ಕರ್ರ್ ಎಂದು ಕುರ್ಚಿ ಎಳೆಯುವ ಸದ್ದು.

ರಾಯಚೂರಿನ ಹುಡುಗಿ. ಬಾಯಲ್ಲಿ ಸಕ್ಕರೆ, ತುಟಿಯಲ್ಲಿ ದಾರ, ಎರಡೂ ಕೈಯಲ್ಲಿ ಕುರ್ಚಿ. ಗೋಡೆ ಬಿಟ್ಟು ಒಂದು ಮಾರು ಮುಂದೆ ಬಂದು ಕುಳಿತಳು. ಅವಳ ಪಕ್ಕದವನು ಎಳೆದ. ಎದುರು ಗೋಡೆಯಿಂದ ಇಬ್ಬರು. ಆಮೇಲೆ ಹಿಂದಿನ ಗೋಡೆ. ಯಾರೂ ಯಾರಿಗೂ ಹೇಳಲಿಲ್ಲ, ಕಣ್ಣಸನ್ನೆಯೂ ಮಾಡಲಿಲ್ಲ. ದಿನವೂ ಮಾಡುವ ಕೆಲಸದಂತೆ ಒಬ್ಬರ ಹಿಂದೊಬ್ಬರು ಸರಿದು ಬಂದು ಅವರ ಸುತ್ತ ಬಳೆಯಂತೆ ಕೂಡಿಕೊಂಡರು. ಆ ಸದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ತಿಂಗಳು ಬಾಗಿಲು ಮುಚ್ಚಿ ಹೊರಗಿಟ್ಟ ಸದ್ದು ಅದೇ. ತಿಳಿದದ್ದು ನನಗೊಬ್ಬಳಿಗೇ ಅಲ್ಲ. ಅವರೆಲ್ಲರಿಗೂ ತಿಳಿದಿತ್ತು, ನನಗಿಂತ ಬಹಳ ಮೊದಲೇ. ಒಂದು ತಂಡ ಹೋಗುವಾಗ ಬರುವ ತಂಡಕ್ಕೆ ಕಲ್ಲುಸಕ್ಕರೆಯ ಸುದ್ದಿಯ ಜೊತೆಗೆ ಇದನ್ನೂ ಹೇಳಿಹೋಗುತ್ತಿತ್ತಂತೆ.

“ಎಕ್ಸಲೆಂಟ್! ಬೈ ಡಿಗ್ರೀಸ್!” ಎಂದು ಹಿರಿಯ ಅಧಿಕಾರಿ ಚಪ್ಪಾಳೆ ತಟ್ಟಿದರು. ಅದು ಪಾಠದ ಭಾಗವೆಂದೇ ಅವರು ತಿಳಿದರು. ಉತ್ಸಾಹದಲ್ಲಿ ತಾವೂ ಎದ್ದು ಹತ್ತಿರ ಬಂದು ತಮ್ಮ ಪ್ರಶ್ನೆಯನ್ನು ಮತ್ತೆ ಕೇಳಿದರು. ಟೆಲಿಫೋನ್ ಮೇಡಂ ಆ ಪ್ರಶ್ನೆಯನ್ನು ಹಳೆಯ ದನಿಯಲ್ಲಿ ತಿರುಗಿ ಹೇಳಿದರು, ಅಧಿಕಾರಿಯ ವಾಕ್ಯದ ಸಣ್ಣ ತಪ್ಪನ್ನು ಒಳಗೊಳಗೇ ತಿದ್ದಿ. “ಕರೆಕ್ಟ್?”

“ಕರೆಕ್ಟ್,” ಎಂದರು ಅಧಿಕಾರಿ.

ಗೋಡೆಯ ಬಳಿ ಉಳಿದದ್ದು ನನ್ನ ಕುರ್ಚಿ ಒಂದೇ. ನಾನೂ ಎಳೆದೆ. ಯಾಕೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಒಂಟಿಯಾಗಿ ಕುಳಿತಿರುವುದು ಚೆನ್ನಾಗಿ ಕಾಣುತ್ತಿರಲಿಲ್ಲ, ಅಷ್ಟೇ ಇರಬಹುದು. ಎಲ್ಲರಿಗಿಂತ ಜೋರಾಗಿ ಸದ್ದು ಮಾಡಿದ್ದು ನನ್ನ ಕುರ್ಚಿಯೇ.

ಯುಗಾದಿಯ ನಂತರ ಅವರು ಉಳಿದರು. ನಾನು ಮೇಜಿನ ಖಾನೆ ಖಾಲಿ ಮಾಡಿಕೊಂಡು ಮೆಟ್ಟಿಲಿಳಿಯುವಾಗ ಹಿಂದೆ ಬಂದು ಕೈ ಹಿಡಿದು ನಿಲ್ಲಿಸಿದರು.

“ದಿನಾ ಮುಂಜಾನೆ ನನ್ನ ಕುರ್ಚಿ ಹಿಂದ ದಬ್ಬಾಕಿ ನೀನ ಹೌದಲ್ಲ?” ಎಂದರು. ಅದೇ ಮೊದಲ ಸಲ ನನ್ನನ್ನು ‘ನೀನು’ ಎಂದು ಕರೆದದ್ದು. “ಪಾಪ, ಹುಡುಗ್ರಿಗೆ ದಿನಾ ಎಳಿಯೂ ಕೆಲಸ ಹಚ್ಚಿದ್ದಿ!” ಎಂದು ನಕ್ಕು, ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು: “ನಿನಗ ಗೊತ್ತಿತ್ತು. ಮ್ಯಾನೇಜರ್‌ಗೆ ಹೇಳಲಿಲ್ಲ ನೀನು.”

ನಾನೇನೋ ಹೇಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಅವರಿಗೆ ಎಷ್ಟು ತಲುಪಿತೋ ತಿಳಿಯದು, ತಿರುಗಿ ಹೇಳಲಿಲ್ಲ.

ಆಮೇಲೆ ನಾನು ಬೇರೆ ಬೇರೆ ಕಡೆ ಕಲಿಸಿದೆ. ಕೆಲವು ವರ್ಷಗಳಲ್ಲಿ ಆ ಕೇಂದ್ರವೂ ಮುಚ್ಚಿತು. ಅವರು ಗುಲಬರ್ಗೆಗೆ ಮರಳಿದರೆಂದು ಕೇಳಿದೆ. ನಂಬರು ಸಿಕ್ಕಿತ್ತು. ಆದರೆ ಅಷ್ಟು ಹೊತ್ತಿಗೆ ಅವರಿಗೆ ಏನೂ ಕೇಳಿಸುತ್ತಿರಲಿಲ್ಲವಂತೆ. ಊರಿಗೆಲ್ಲ ಲೈನು ಕೊಟ್ಟವರಿಗೆ ಒಂದು ಫೋನು ಮಾಡುವಂತಿರಲಿಲ್ಲ. ಕಾಗದ ಬರೆಯಬಹುದಿತ್ತು... ತಪ್ಪಿಲ್ಲದೆ ಬರೆಯುವುದೇ ನನ್ನ ಕಸುಬು. ನಾಳೆ ನಾಳೆ ಎನ್ನುತ್ತ ಹೋಯಿತು.

ಅಬಿಡ್ಸ್‌ಗೆ ಹೋಗುವ ಕೆಲವು ದಿನ ಮೊದಲು ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ರಾಯಚೂರಿನ ಹುಡುಗಿ ಸಿಕ್ಕಿದ್ದಳು. ಹುಡುಗಿ ಎನ್ನುವಂತಿಲ್ಲ, ಕನ್ನಡಕ ಬಂದಿದೆ, ದೊಡ್ಡ ಹುದ್ದೆಯಲ್ಲಿದ್ದಾಳೆ. ಟೆಲಿಫೋನ್ ಮೇಡಂ ಹೋಗಿ ಒಂದು ವರ್ಷವಾಯಿತು ಎಂದಳು. ಕೊನೆಯ ದಿನಗಳಲ್ಲಿ ಹಳೆಯ ತಂಡಗಳವರು ರೈಲು ಹತ್ತಿ, ಕಾರು ಮಾಡಿಕೊಂಡು ಗುಲಬರ್ಗೆಗೆ ಹೋಗಿ ಬರುತ್ತಿದ್ದರಂತೆ.

“ಏನೂ ಕೇಳ್ತಿರಲಿಲ್ರಿ ಮೇಡಂ. ಆದರೂ ನಾವು ಕುರ್ಚಿ ಎಳ್ಕೊಂಡು ಕಾಟಿನ ಸುತ್ತ ಕುಂದರ್ತಿದ್ವಿ. ಭಾಳ ಖುಷಿ ಆಗ್ತಿದ್ರು,” ಎಂದಳು.

ನನ್ನನ್ನು ಯಾರೂ ಕರೆದಿರಲಿಲ್ಲ. ಕರೆಯಬೇಕೆಂದು ಹೊಳೆದಿರಲೂ ಇಲ್ಲ. ನನ್ನ ಮುಖದಲ್ಲಿ ಏನು ಕಂಡಿತೋ, ಅವಳು ಅವಸರದಿಂದ, “ನಿಮ್ಮ ನೋಟ್ಸ್ ಇನ್ನೂ ಇಟ್ಟೀನ್ರಿ ಮೇಡಂ, ಆಫೀಸ್‌ನ್ಯಾಗ ಹೊಸಾ ಹುಡುಗ್ರಿಗೆ ಅದನ್ನ ಕೊಡ್ತೀನಿ,” ಎಂದಳು. ಸಂತೋಷ ಎಂದೆ. ನನ್ನ ನೋಟ್ಸ್ ಅನ್ನು ಇಟ್ಟುಕೊಳ್ಳುತ್ತಾರೆ. ನನಗಾಗಿ ಕುರ್ಚಿ ಎಳೆದವರು ಯಾರೂ ಇಲ್ಲ. ತೀರಿಹೋದವರ ಮೇಲೆ ಮತ್ಸರಪಡುವುದು ಸಲ್ಲದು ಎಂದು ಗೊತ್ತಿದ್ದೂ, ವಿಮಾನ ಏರುವವರೆಗೆ ಅದೇ ಉರಿ.

ಅಬಿಡ್ಸ್‌ನಿಂದ ಬಂದ ಆ ಸಂಜೆ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕುಳಿತು, ಪೊಟ್ಟಣ ಬಿಚ್ಚಿ, ಒಂದು ತುಂಡನ್ನು ನಾಲಗೆಯ ಮೇಲಿಟ್ಟುಕೊಂಡೆ. ಕಡಿಯಲಿಲ್ಲ. ಮೂಲೆಗಳು ಮೊದಲು ಹೋದವು. ಒಂದು ಹರಳು ಒಮ್ಮೆಲೇ ಕಳಚಿತು. ಆ ಹುಡುಗ ಹೇಳಿದ್ದು ನಿಜ, ಸ್ಟೆಡಿಲಿ ಅನ್ನಲಾಗದು. ಕೆಳಗೆ ರಸ್ತೆಯಲ್ಲಿ ಆಫೀಸು ಬಿಟ್ಟವರ ಗಾಡಿಗಳು ಸಾಲುಗಟ್ಟಿದ್ದವು. ‘ನೌ?’ ಎಂದು ಕೇಳಲು ಯಾರೂ ಇರಲಿಲ್ಲ... ಕೊನೆಗೆ ದಾರ ಉಳಿಯಿತು. ಅದನ್ನು ಬಾಲ್ಕನಿಯ ಸರಳಿಗೆ ಕಟ್ಟಿದೆ.

ಬೆಳಿಗ್ಗೆ ನೋಡಿದರೆ ಇರುವೆಗಳು ಬಂದಿದ್ದವು. ಒರೆಸುವ ಬಟ್ಟೆ ಕೈಯಲ್ಲೇ ಇತ್ತು, ಒರೆಸಲಿಲ್ಲ. ಅವರ ಕಿಟಕಿಯಲ್ಲಿ ದಾರಗಳ ಗೊಂಚಲೇ ಇತ್ತು. ನನ್ನದರಲ್ಲಿ ಒಂದೇ.